ಇಲಿವಾರದ ಉಪವಾಸ

ಭಾದ್ರಪದದ ಬಿಸಿಲು ಮೋಡದ ಸೆರಗಿನಿಂದ ಆಗಷ್ಟೇ ಮುಖ ಹೊರಹಾಕಿತ್ತು. ಚಿತ್ತಾಪುರದ ಸುತ್ತಲ ಎರೆಹೊಲಗಳಲ್ಲಿ ಹೆಸರುಕಾಯಿ ಬಿಡಿಸುವ ಕೆಲಸ ನಡೆದಿತ್ತು. ಹೆಂಗಸರು ಉಡಿ ತುಂಬ ಕಪ್ಪಗೆ ಒಣಗಿದ ಕಾಯಿ ತಂದು ಅಂಗಳದ ಹಾಸುಗಲ್ಲಿನ ಮೇಲೆ ಹರವುವರು. ಬಿಸಿಲು ತಾಗಿದ್ದೇ ಕಾಯಿ ಚಟಚಟನೆ ಸಿಡಿದು ಕಾಳು ಹಾರುವವು. ಕಾಳಿನ ಹಿಂದೆ ಗುಬ್ಬಿ, ಗುಬ್ಬಿಯ ಹಿಂದೆ ಕೋಲು ಹಿಡಿದ ಮುದುಕಿಯರು. ಹಿಂದಿನ ದಿನವಷ್ಟೇ ಗಣಪತಿ ಕೂತಿದ್ದ. ಹಾಗಾಗಿ ಅರ್ಧ ಊರು ಹೊಲದಲ್ಲಿತ್ತು, ಉಳಿದರ್ಧ ಊರು ಕಡಬಿನ ಒಲೆಯ ಮುಂದಿತ್ತು.

ಸರಕಾರಿ ದವಾಖಾನೆಯಲ್ಲಿ ಮಾತ್ರ ಸುಣ್ಣದ ಕೆಲಸ. ಸಂಜೆಯ ಗಾಡಿಗೆ ಹೈದರಾಬಾದಿನಿಂದ ದೊಡ್ಡ ಪ್ರೊಫೆಸರ್ ಬರುವವರಿದ್ದರು. ಅವರ ಕಣ್ಣಿಗೆ ಗೋಡೆಯ ಎಲೆಯಡಿಕೆ ಕಲೆ ಬೀಳಬಾರದೆಂದು ಡಾಕ್ಟರ್ ಬಸವಂತರಾಯರು ಬೆಳಗಿನಿಂದಲೇ ಆಳು ಹಚ್ಚಿ ಸುಣ್ಣ ಬಳಿಸುತ್ತಿದ್ದರು. ಆ ಸುಣ್ಣದ ಘಾಟಿಗೆ ಮೂಲೆಯ ಪಂಜರದಲ್ಲಿದ್ದ ಇಲಿಗಳು ಸೀನತೊಡಗಿದವು. ಅಂದಿನ ಎಲ್ಲ ರಾದ್ಧಾಂತಕ್ಕೆ ಈ ಸೀನೇ ಮೂಲ.

ಇವು ಊರ ಇಲಿಗಳಲ್ಲ. ಹಾಲಿನಂಥ ಮೈ, ಗುಲಗಂಜಿಯಂಥ ಕೆಂಪು ಕಣ್ಣು. ರೈಲಿನ ಗಾರ್ಡಿನ ಡಬ್ಬಿಯಲ್ಲಿ ಕೂತು ಹೈದರಾಬಾದಿನಿಂದ ಬಂದಂಥವು. ಡಾಕ್ಟರರಿಗೆ ಒಂದು ಹುಚ್ಚಿತ್ತು. ಹೊಟ್ಟೆ ಹಿಡಿದುಕೊಂಡು ಬರುವ ರೋಗಿಗಳಿಗೆ ಜ್ಯೇಷ್ಠಮಧುವಿನ ಪುಡಿ ಕೊಟ್ಟರೆ ಹೊಟ್ಟೆಯ ಹುಣ್ಣು ಮಾಯುತ್ತದೆಂದು ಅವರ ನಂಬಿಕೆ. ಖರೇನೇ ಮಾಯಿತೋ ಇಲ್ಲವೋ ಎಂದು ಮನುಷ್ಯರ ಹೊಟ್ಟೆ ಕೊಯ್ದು ನೋಡಲು ಬರುವುದಿಲ್ಲ, ಇಲಿಯದಾದರೆ ಬರುತ್ತದೆ. ಅದಕ್ಕೇ ಇಲಿಗಳನ್ನು ತರಿಸಿ, ಉಪವಾಸ ಕೆಡವಿ, ಮಿಸುಕಾಡದಂತೆ ಇಕ್ಕಟ್ಟಾದ ತಂತಿಯ ಕೊಳವೆಯಲ್ಲಿ ತುರುಕಿ, ಅಂಜಿಸಿ, ಅವುಗಳ ಹೊಟ್ಟೆಯಲ್ಲಿ ಹುಣ್ಣು ಎಬ್ಬಿಸಿದ್ದರು. ಆಮೇಲೆ ಕೆಲವಕ್ಕೆ ಕೊರಳಿಗೆ ಕೆಂಪು ದಾರ ಕಟ್ಟಿ ಪುಡಿ ತಿನ್ನಿಸಿದರು. ಉಳಿದವಕ್ಕೆ ನೀಲಿ ದಾರ ಕಟ್ಟಿ ಬರೀ ಹಿಟ್ಟು ಹಾಕಿದರು. ಇಂದು ಸಂಜೆ ಪ್ರೊಫೆಸರರ ಎದುರು ಎರಡನ್ನೂ ಕೊಯ್ದು ತೋರಿಸಬೇಕು. ಕೆಂಪಿನವು ಮಾಯ್ದಿರಬೇಕು, ನೀಲಿಯವು ಮಾಯ್ದಿರಬಾರದು.

ಪುಡಿ ಕುಟ್ಟುವವನು, ಇಲಿ ನೋಡಿಕೊಳ್ಳುವವನು ಹಂಗಾಮಿ ಕಂಪೌಂಡರ್ ಪ್ರಾಣೇಶ. ಅವನನ್ನು ಕರೆದು ಡಾಕ್ಟರರು, "ಸುಣ್ಣ ಒಣಗೋತನಕಾ ಇವನ್ನ ನಿಮ್ಮ ಮನ್ಯಾಗ ಇಟ್ಕೋ. ನಾ ದಂಡೋತಿಗಿ ಹೋಗಿ ಒಂದು ಬಾಣಂತಿ ನೋಡಿ, ಹಂಗೇ ಸ್ಟೇಷನ್‌ಗಿ ಹೋಗ್ತೀನಿ. ನೀರು ಕೊಡು, ಕಾಳು ಮಾತ್ರ ಒಂದೂ ಹಾಕಬ್ಯಾಡ. ಹೊಟ್ಟಿ ಖಾಲಿ ಇದ್ರೇನೇ ಹುಣ್ಣು ಕಾಣೋದು. ಮತ್ತ ಕೆಂಪು ನೀಲಿ ಕಲಸಬ್ಯಾಡ. ಕಲಸಿದಿ ಅಂದ್ರ ನನ್ನ ಕೆಲಸೆಲ್ಲ ಹೊಳ್ಯಾಗ ಹಾಕಿದಂಗ" ಎಂದರು.

"ಹೂಂ ರೀ ಸಾಹೇಬ್ರ. ನನ್ನ ಕಾಯಂ ಕಾಗದ..." ಎಂದು ಪ್ರಾಣೇಶ ರಾಗ ಎಳೆದ.

"ಪ್ರೊಫೆಸರ್ ನೋಡಿ ಶಹಬ್ಬಾಸ್ ಅಂದ್ರ ನಾಳಿನೇ ಸಹಿ ಮಾಡಸ್ತೀನಿ. ಅದು ನಿನ್ನ ಋಣ ನನ್ನ ಮ್ಯಾಲ ಇರ್ಲಿ, ಹೋಗು."

ಆ ಕಾಗದಕ್ಕಾಗಿ ಪ್ರಾಣೇಶ ಇಲಿಯನ್ನಷ್ಟೇ ಏಕೆ, ಹುಲಿಯನ್ನೂ ಅಪ್ಪಿಕೊಂಡು ಹೋಗುತ್ತಿದ್ದ. ಪೊಲೀಸ್ ಆಕ್ಷನ್ ಆದಮೇಲೆ ಹಳೇ ನೌಕರರೆಲ್ಲ ಒಬ್ಬೊಬ್ಬರಾಗಿ ಕಾಯಂ ಆದರು. ಇವನೊಬ್ಬ ಬಸ್ಸಿನ ಮೆಟ್ಟಿಲ ಮೇಲೆ ನಿಂತವನಂತೆ ಇನ್ನೂ ಜೋತಾಡುತ್ತಿದ್ದ. ಹೆಂಡತಿ ಜಾನಕೀಬಾಯಿ ಚೊಚ್ಚಲ ಬಾಣಂತನಕ್ಕೆಂದು ಸೇಡಮ್ಮಿನ ತವರಿಗೆ ಹೋದವಳು, ಕೂಸು ಅಂಬೆಗಾಲಿಡುತ್ತಿದ್ದರೂ ಬಂದಿರಲಿಲ್ಲ. ಕರೆಯಲು ಹೋದಾಗಲೆಲ್ಲ ಮಾವ ಮಜ್ಜಿಗೆ ಕೊಟ್ಟು, "ನೌಕರಿ ಕಾಯಂ ಆತೇನು?" ಎಂದು ಕೇಳುವರು. ಇಲ್ಲವೆಂದರೆ, "ಹಂಗಾಮಿ ನೌಕರಿಗಿ ಹಂಗಾಮಿ ಹೆಂಡ್ತಿ. ಕಾಯಂ ಆದ ದಿನ ಬರ್ರಿ, ಉಡಿ ತುಂಬಿ ಕಳಸ್ತೀವಿ" ಎನ್ನುವರು. ಪ್ರಾಣೇಶ ಮಜ್ಜಿಗೆ ಕುಡಿದು ಮರಳುವನು. ಆ ಮಜ್ಜಿಗೆಯೂ ಇತ್ತೀಚೆಗೆ ಹೊಟ್ಟೆಯಲ್ಲಿ ಉರಿಯತೊಡಗಿತ್ತು.

ಪಂಜರಗಳ ಮೇಲೆ ಗೋಣಿಚೀಲ ಹೊದಿಸಿ, ಕಳ್ಳನಂತೆ ಹೆಜ್ಜೆಯಿಟ್ಟು ಅವನು ಮನೆಗೆ ಬಂದ. ಮನೆಯೆಂದರೆ ಗುರುಲಿಂಗಮ್ಮನ ಮನೆಯ ಪಡಸಾಲೆಗೆ ಅಂಟಿದ ಒಂದು ಕೋಣೆ. ಗುರುಲಿಂಗಮ್ಮ ಹಣೆ ತುಂಬ ವಿಭೂತಿ ಧರಿಸಿದ, ಬಾಯಿ ತುಂಬ ಮಾತಿನ ವಿಧವೆ. ಅಂಗಳದಲ್ಲಿ ಹೆಸರು ಬಡಿಯುತ್ತ ಕೂತಿದ್ದಳು. ಪ್ರಾಣೇಶ ಅವಳ ಬೆನ್ನ ಹಿಂದಿನಿಂದ ನುಸುಳಿ ಕೋಣೆಯ ಹೊಸ್ತಿಲು ದಾಟುವಷ್ಟರಲ್ಲಿ ಗೋಣಿಯೊಳಗಿಂದ "ಚಿಕ್" ಎಂದು ಸಣ್ಣ ಸೀನು ಕೇಳಿಸಿತು.

"ಆಚಾರ್ರ, ಚೀಲದಾಗ ಏನದ?" ಎಂದಳು ಗುರುಲಿಂಗಮ್ಮ. ಮಡಿಯ ಬ್ರಾಹ್ಮಣ ಪ್ರಾಣೇಶ ಓಣಿಗೆಲ್ಲ ಆಚಾರ್ರೇ.

"ಏನಿಲ್ರಿ ಅವ್ವಾರ. ದವಾಖಾನಿ ಸಾಮಾನ."

"ಸಾಮಾನ ಸೀನ್ತದೇನು?" ಎನ್ನುತ್ತ ಎದ್ದು ಬಂದು ಗೋಣಿ ಎತ್ತಿಯೇಬಿಟ್ಟಳು. ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಮರುಕ್ಷಣ ಎರಡೂ ಗಲ್ಲ ಬಡಿದುಕೊಂಡು, "ಎಪ್ಪಾ ಗಣಪಾ! ನಿನ್ನಿ ನೀ ಬಂದಿ, ಇವತ್ತ ನಿನ್ನ ಕುದುರಿ ಕಳಿಸಿದೆಲ್ಲೋ! ಅದೂ ಇಲಿವಾರದ ದಿನಾನೇ!" ಎಂದಳು.

ಪ್ರಾಣೇಶ ಗೋಣಿಯನ್ನು ಮತ್ತೆ ಎಳೆದು ಮುಚ್ಚಿದ. ಇಲಿವಾರದ ನೆನಪೇ ಅವನಿಗಿರಲಿಲ್ಲ. ಗುರುಲಿಂಗಮ್ಮನ ತವರು ನೇಕಾರರ ಓಣಿ. ಗಣಪತಿ ಕೂತ ಮರುದಿನ ಅಲ್ಲಿ ಇಲಿಗೆ ಹಬ್ಬ. ಅಂದು ಮಗ್ಗ ನಿಲ್ಲಿಸಿ, ಕತ್ತರಿ ಮುಟ್ಟದೆ, ಇಲಿಯ ಬಿಲದ ಬಾಯಿಗೆ ತುಪ್ಪ ಸುರಿದ ಕಡಬು ಇಟ್ಟು, "ವರ್ಷವಿಡೀ ನಮ್ಮ ಬಟ್ಟಿಗಿ ಬಾಯಿ ಹಾಕಬ್ಯಾಡಪ್ಪಾ" ಎಂದು ಕೈಮುಗಿಯುವರು. ಅವಳು ಆ ಪದ್ಧತಿಯನ್ನು ಗಂಡನ ಮನೆಗೂ ತಂದು, ಇಡೀ ಓಣಿಗೆ ಅಂಟಿಸಿದ್ದಳು.

"ಅವ್ವಾರ, ಇವಕ್ಕ ಇವತ್ತ ಏನೂ ಹಾಕೂಹಂಗಿಲ್ರಿ. ಹೊಟ್ಯಾಗ ಹುಣ್ಣಾಗ್ಯಾವ. ಚಿಂತಿ ಮಾಡಿ ಮಾಡಿ ಆಗ್ಯಾವ."

"ಚಿಂತಿ? ಇಲಿಗಿ ಏನ್ರೀ ಚಿಂತಿ? ಮಗಳ ಲಗ್ನ ಮಾಡೂದದೇನು?"

"ಹಂಗಲ್ರಿ. ಡಾಕ್ಟರ್ ಸಾಹೇಬ್ರು ಉಪಾಸ ಇಟ್ಟು, ಅಂಜಿಸಿ, ಚಿಂತಿ ಹಚ್ಚಿ ಹುಣ್ಣು ಎಬ್ಬಿಸ್ಯಾರ."

"ಅದಕ್ಕ ಹೈದ್ರಾಬಾದಿಂದ ಇಲಿ ಯಾಕ ತರಸಬೇಕಿತ್ತು? ಈ ಓಣ್ಯಾಗಿನ ಸೊಸ್ತ್ಯಾರನ್ನ ಕೇಳಿದ್ರ ಹೇಳ್ತಿದ್ರು. ಇರ್ಲಿ, ನಾ ಯಾಕ ಹಾಕ್ಲೆಪ್ಪಾ! ನಿಮ್ಮ ಇಲಿ, ನಿಮ್ಮ ಉಪಾಸ."

ಅವಳು ಇಷ್ಟು ಸಲೀಸಾಗಿ ಒಪ್ಪಿದಾಗಲೇ ಪ್ರಾಣೇಶನಿಗೆ ಅನುಮಾನ ಬರಬೇಕಿತ್ತು. ಅವನು ಕೋಣೆಗೆ ಬೀಗ ಜಡಿದು, ಸುಣ್ಣದವರನ್ನು ನೋಡಿಕೊಳ್ಳಲು ದವಾಖಾನೆಗೆ ಓಡಿದ. ಇಲಿ ಮುಟ್ಟಿದ ಮೈ. ಸ್ನಾನ ಮಾಡದೆ ಬಾಯಿಗೆ ನೀರು ಬಿಡುವಂತಿಲ್ಲ. ಸ್ನಾನ ಆಮೇಲೆ ಮಾಡಿದರಾಯಿತು ಎಂದುಕೊಂಡ. ಬೀಗ ಅವನದಾದರೂ ಮನೆ ಗುರುಲಿಂಗಮ್ಮನದು, ಪಡಸಾಲೆಯಿಂದ ಕೋಣೆಗೆ ಇನ್ನೊಂದು ಒಳಬಾಗಿಲಿದೆ ಎಂಬುದು ಅವನ ತಲೆಗೆ ಹೊಳೆಯಲಿಲ್ಲ.

ನೆತ್ತಿಯ ಮೇಲೆ ಬಿಸಿಲು ಬಂದಾಗ ಹೊಟ್ಟೆ ಚುರುಗುಟ್ಟುತ್ತ ಮನೆಗೆ ಬಂದು ನೋಡುತ್ತಾನೆ: ಅಂಗಳದ ತುಂಬ ಚಪ್ಪಲಿ! ಒಳಗಿನಿಂದ ಗಂಟೆಯ ಸದ್ದು. ಸತ್ತವರ ಮನೆಗೆ ಬಂದಷ್ಟು ಜನ, ಮದುವೆ ಮನೆಯಷ್ಟು ಗದ್ದಲ. ನುಗ್ಗಿ ಪಡಸಾಲೆಗೆ ಹೋದರೆ, ತಾಮ್ರದ ಅಗಲ ಪರಾತದಲ್ಲಿ ಬಿಳಿ ಇಲಿಗಳೆಲ್ಲ ಒಂದೇ ಪಂಕ್ತಿಗೆ ಕೂತು ಎರಡೂ ಕೈಲಿ ಕಡಬು ಹಿಡಿದು ತಿನ್ನುತ್ತಿದ್ದವು. ಮೀಸೆಗೆಲ್ಲ ತುಪ್ಪ. ಹಣೆಗೆ ಕುಂಕುಮ. ಪಂಜರಗಳು ಮೂಲೆಯಲ್ಲಿ ಖಾಲಿ ಬಿದ್ದಿದ್ದವು.

"ಅವ್ವಾರ! ದಾರ ಎಲ್ಲಿ? ಕೊರಳಾಗಿನ ದಾರ?"

"ಅವೇ? ತೆಗದು ಒಲ್ಯಾಗ ಹಾಕ್ದೆ" ಎಂದಳು ಗುರುಲಿಂಗಮ್ಮ, ಗಂಟೆ ಬಾರಿಸುತ್ತಲೇ. "ಜನಿವಾರ ಹಾಕಿದಂಗ ಕಾಣ್ತಿತ್ತು. ಲಿಂಗವಂತರ ಮನ್ಯಾಗ ಪೂಜಿ ಮಾಡಿಸ್ಕೊಳ್ಳೋ ಇಲಿಗಿ ಜನಿವಾರ ಯಾಕ್ರಿ? ನೀವೇ ಹಾಕಿರಬೇಕು, ಕುಲಾ ಬಿಡಬಾರದಂತ."

ನೆರೆದವರು ನಕ್ಕರು. ಪ್ರಾಣೇಶ ಅಲ್ಲೇ ಕುಸಿದು ಕೂತ. ಕೆಂಪು ಯಾವುದು, ನೀಲಿ ಯಾವುದು? ಪುಡಿ ತಿಂದದ್ದು ಯಾವುದು, ತಿನ್ನದ್ದು ಯಾವುದು? ಇಲಿಗಳನ್ನು ಹೆಸರು ಹಿಡಿದು ಕೂಗಿ ಕೇಳುವಂತಿಲ್ಲ.

ಸಾಲಿನಲ್ಲಿ ಮೊದಲು ನಿಂತವನು ಬಟ್ಟೆ ವ್ಯಾಪಾರಿ ನಾಗೇಂದ್ರಪ್ಪ. ಹೆಗಲ ಮೇಲೆ ಹಸಿರು ಖಣದ ಬಟ್ಟೆಯ ಒಂದಿಡೀ ಥಾನು ಹೊತ್ತು ಬಂದಿದ್ದ. ಅವನ ಅಂಗಡಿಯಲ್ಲಿ ಗಿರಾಕಿಗಳಿಗಿಂತ ಇಲಿಗಳೇ ಹೆಚ್ಚು. ಥಾನನ್ನು ಪರಾತದ ಮುಂದಿಟ್ಟು, "ಯಜಮಾನ್ರ, ನಮ್ಮ ಅಂಗಡ್ಯಾಗಿನ ನಿಮ್ಮ ತಮ್ಮಗೋಳಿಗಿ ಒಂದು ಮಾತು ಹೇಳ್ರಿ. ಕತ್ತರಿಸೋದಿದ್ರ ಅಂಚು ಕತ್ತರಸ್ರಿ, ನಡುವ ಕತ್ತರಸಬ್ಯಾಡ್ರಿ ಅಂತ" ಎಂದು ಅಡ್ಡಬಿದ್ದ. ಅವನ ಅಂಗಡಿಯ ಕಟ್ಟೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡ ಮಜೀದಸಾಬ, ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಬಗಲಲ್ಲಿಟ್ಟುಕೊಂಡು ಹಿಂದೆ ನಿಂತಿದ್ದ. "ನಂದೂ ಒಂದು ಅರ್ಜಿ ಹಚ್ರಿ ಸೇಠ್. ಮೊನ್ನಿ ತಹಶೀಲದಾರ್ರ ಶೆರವಾನಿ ತೋಳು ತಿಂದಾವ" ಎಂದ.

"ಸಾಕ್ರಿ, ಸಾಕು!" ಎಂದು ಪ್ರಾಣೇಶ ಎದ್ದು ನಿಂತ. "ಇವು ಸರಕಾರಿ ಇಲಿ. ಸಂಜಿಗಿ ಇವನ್ನ ಕೊಯ್ಯೋದದ!"

ಆ ಮಾತು ಆಡಬಾರದಿತ್ತು. ಗಂಟೆ ನಿಂತಿತು.

"ಕೊಯ್ಯೋದು?" ಎಂದಳು ಗುರುಲಿಂಗಮ್ಮ ಮೆಲ್ಲಗೆ. "ನೀವು? ಬಳ್ಳೊಳ್ಳಿ ವಾಸನಿಗಿ ಮೂಗು ಮುಚ್ಚೋ ಆಚಾರ್ರು?"

"ನಾ ಅಲ್ರಿ, ಡಾಕ್ಟರ್..."

"ಯಾರರೇ ಆಗ್ಲಿ. ನನ್ನ ಮನ್ಯಾಗ ಉಂಡ ಜೀವ ನನ್ನ ಹೊಸ್ತಿಲ ದಾಟಿ ಸಾಯಾಕ ಹೋಗಂಗಿಲ್ಲ." ಹೀಗೆಂದವಳೇ ಪರಾತವನ್ನು ಇಲಿಗಳ ಸಮೇತ ಎತ್ತಿಕೊಂಡು ದೇವರ ಕೋಣೆಗೆ ಹೋಗಿ, ಬಾಗಿಲೆಳೆದು ಕೀಲಿ ಹಾಕಿ, ಕೀಲಿಕೈಯನ್ನು ನಡುವಿಗೆ ಸಿಕ್ಕಿಸಿಕೊಂಡಳು. "ನಿಮ್ಮ ಡಾಕ್ಟರ್‌ಗಿ ಹೇಳ್ರಿ, ಕೊಯ್ಯೋದಿದ್ರ ಜೋಳದ ಬೆಳಿ ಬಂದಾಗ ಬಾ ಅಂತ."

ಪ್ರಾಣೇಶ ಕಾಡಿದ, ಬೇಡಿದ. ಕಾಯಂ ಕಾಗದದ ಕತೆ ಹೇಳಿದ, ಹೆಂಡತಿ ಮಗುವಿನ ಕತೆ ಹೇಳಿದ. ಗುರುಲಿಂಗಮ್ಮನ ಕಣ್ಣಲ್ಲಿ ನೀರೇನೋ ಬಂತು, ಕೀಲಿಕೈ ಬರಲಿಲ್ಲ. "ನಿಮ್ಮ ಹೆಂಡ್ತಿ ಬರ್ಲಿ ಅಂತ ನಾ ದಿನಾ ಬಸವಣ್ಣಗ ಬೇಡಕೋತೀನಿ. ಆದ್ರ ಇಲಿ ಕೊಡಂಗಿಲ್ಲ."

ಹೊರಗೆ ಕಟ್ಟೆಯ ಮೇಲೆ ತಲೆಗೆ ಕೈಹೊತ್ತು ಕೂತವನ ಪಕ್ಕ ಮಜೀದಸಾಬ ಬಂದು ಕೂತ.

"ಯಾಕ್ರಿ ಆಚಾರ್ರ, ಮಾರಿ ಹಿಂಗ್ಯಾಕ? ಇಲಿನೇ ಬೇಕಲ್ಲ? ಸೇಠ್‌ನ ಅಂಗಡ್ಯಾಗ ಬೋನು ತುಂಬ ಅದಾವ. ಅವ್ರು ಕೊಲ್ಲೋ ಪೈಕಿ ಅಲ್ಲ. ಹಿಡದು ಹಿಡದು ನನ್ನ ಕೈಲಿ ಹೊಳಿ ಆಚಿಗಿ ಬಿಡಿಸ್ತಾರ. ನಾ ಬಂದು ಮನಿ ಮುಟ್ಟೂದ್ರಾಗ ಅವು ಅಂಗಡಿ ಮುಟ್ಟಿರ್ತಾವ. ನಿಮಗ ಕೊಟ್ರ ನನಗ ಒಂದು ಫೇರಿ ಉಳೀತದ."

"ಅವು ಕರಿಯವು ಮಜೀದಸಾಬ್ರ. ಬೇಕಾದವು ಬಿಳಿ."

ಮಜೀದಸಾಬ ಗಡ್ಡ ಕೆರೆದುಕೊಂಡ. "ನಿಮ್ಮ ದವಾಖಾನ್ಯಾಗ ಸುಣ್ಣ ಉಳದದೇನು?"

ಪ್ರಾಣೇಶ ತಲೆಯೆತ್ತಿ ನೋಡಿದ. ಜೀವಮಾನದಲ್ಲಿ ಒಂದು ಸುಳ್ಳು ಹೇಳಬೇಕಾದರೂ ಮೂರು ಸಲ ಆಚಮನ ಮಾಡುವಂಥ ಮನುಷ್ಯ ಅವನು. ಆದರೆ ಕಣ್ಮುಂದೆ ಸೇಡಮ್ಮಿನ ಮಜ್ಜಿಗೆ ಲೋಟ ಬಂದು ನಿಂತಿತು. ಎದ್ದ.

ನಾಗೇಂದ್ರಪ್ಪ ಬೋನು ಕೊಡಲು ತಕರಾರು ಮಾಡಲಿಲ್ಲ. ಅವಕ್ಕೂ ಅಂದು ಬೆಳಿಗ್ಗೆಯೇ ಕಡಬು ತಿನ್ನಿಸಿದ್ದ. "ಹೊಳಿಗೇ ಬಿಡ್ರಿ ಆಚಾರ್ರ. ಜರಾ ದೂರ ಬಿಡ್ರಿ" ಎಂದಷ್ಟೇ ಹೇಳಿದ. ಪ್ರಾಣೇಶ ಕೇಳದವನಂತೆ ಹೆಜ್ಜೆ ಹಾಕಿದ.

ದವಾಖಾನೆಯ ಹಿತ್ತಿಲಲ್ಲಿ ಸುಣ್ಣದ ಗಡಿಗೆ ಇತ್ತು. ಕೂಲಿಯವರು ಉಣ್ಣಲು ಹೋಗಿದ್ದರು. ಮಜೀದಸಾಬ ಇಲಿಯ ಬಾಲ ಹಿಡಿದೆತ್ತುವುದು, ಪ್ರಾಣೇಶ ಮುಳುಗಿಸುವುದು. ಮೊದಲನೆಯದು ಮುಳುಗಿ ಎದ್ದು ಮೈ ಕೊಡವಿದ್ದೇ ಪ್ರಾಣೇಶನ ಮುಖ, ಧೋತರ, ಜನಿವಾರ ಎಲ್ಲ ಬೆಳ್ಳಗಾಯಿತು. ಎರಡನೆಯದು ಹೆಬ್ಬೆರಳು ಕಚ್ಚಿ ಹಿಡಿದು ಜೋತುಬಿತ್ತು. "ಬಿಡಸ್ರಿ, ಬಿಡಸ್ರಿ!" ಎಂದು ಅವನು ಹಿತ್ತಿಲ ತುಂಬ ಕುಣಿದಾಡಿದ, ಮಜೀದಸಾಬ "ಅಲ್ಲಾಡಬ್ಯಾಡ್ರಿ, ಬಣ್ಣ ಹೋಗ್ತದ!" ಎಂದು ಇಲಿಯ ಕಾಳಜಿ ಮಾಡುತ್ತ ಹಿಂದೆ ಓಡಿದ.

"ನೋಡ್ರಿ ಆಚಾರ್ರ, ದುನಿಯಾ ಹೆಂಗದ" ಎಂದ ಮಜೀದಸಾಬ ಕಡೆಯದನ್ನು ಬಿಸಿಲಿಗೆ ಹಿಡಿದು ಒಣಗಿಸುತ್ತ. "ಬಿಳೇವಕ್ಕ ತುಪ್ಪ, ಕರೇವಕ್ಕ ಸುಣ್ಣ."

ಒಣಗಿದ ಮೇಲೆ ಕೆಲವಕ್ಕೆ ಕೆಂಪು ದಾರ, ಕೆಲವಕ್ಕೆ ನೀಲಿ ದಾರ, ಕೈಗೆ ಸಿಕ್ಕಂತೆ ಕಟ್ಟಿದರು. ದಾರ ಮಜೀದಸಾಬನ ಯಂತ್ರದವೇ. ದೂರದಿಂದ ನೋಡಿದರೆ ಇಲಿಗಳು ಹೈದರಾಬಾದಿನವೇ. ಹತ್ತಿರದಿಂದ ನೋಡಿದರೆ ಈಗಷ್ಟೇ ಸುಣ್ಣ ಬಳಿದ ದವಾಖಾನೆಯ ಗೋಡೆಯ ಚೂರುಗಳು. ಇಷ್ಟಾಗುವಾಗ ಸ್ಟೇಷನ್ನಿನ ಕಡೆ ಗಾಡಿ ಕೂಗಿತು. ಪ್ರಾಣೇಶನಿಗೆ ಸ್ನಾನವೂ ಆಗಲಿಲ್ಲ, ಊಟವೂ ಆಗಲಿಲ್ಲ. ಎದೆಯ ಕೆಳಗೆ ಯಾರೋ ಕೆಂಡ ಇಟ್ಟು ಊದುತ್ತಿದ್ದಂತೆ ಉರಿ.

ಪ್ರೊಫೆಸರ್ ಪಾಂಡುರಂಗರಾಯರು ಕುಳ್ಳಗೆ, ಉರುಟಾಗಿದ್ದರು. ಮೂಗಿನ ಮೇಲೆ ಹುಗ್ಗಿಯ ಬಟ್ಟಲ ತಳದಂಥ ದಪ್ಪ ಕನ್ನಡಕ. ಗಾಡಿಯಿಂದಿಳಿದು ದವಾಖಾನೆ ಮುಟ್ಟುವ ತನಕ ಅವರು ಹೇಳಿದ್ದು ಒಂದೇ ಮಾತು: "ಹುಣ್ಣು ಶಹರದ ರೋಗ ಬಸವಂತರಾವ್. ಹೊಗಿ, ಗದ್ದಲ, ಓಡಾಟ! ಹಳ್ಳಿ ಹವಾದಾಗ ಹುಣ್ಣು ನಿಲ್ಲಂಗಿಲ್ಲ. ನಾ ಮೊದಲಿಂದ ಬಡಕೋತೀನಿ, ಹೈದ್ರಾಬಾದಿನ್ಯಾಗ ಯಾರೂ ಕೇಳವಲ್ರು." ಡಾಕ್ಟರರು ಹೂಂಗುಟ್ಟುತ್ತ, ಮನಸ್ಸಿನಲ್ಲಿ ತಮ್ಮ ಪುಡಿಯನ್ನೇ ಜಪಿಸುತ್ತಿದ್ದರು.

ಪಂಜರದ ಮುಂದೆ ಬಗ್ಗಿದ ಪ್ರೊಫೆಸರ್, "ಅರೆ, ಇವುಗಳ ಕಣ್ಣು ಕಪ್ಪು ಅದಾವಲ್ಲ?" ಎಂದರು.

ಡಾಕ್ಟರರು ಬಗ್ಗಿ ನೋಡಿದರು. ಬಾಯಿ ತೆರೆದರು. ಅಷ್ಟರಲ್ಲಿ ಪ್ರೊಫೆಸರರೇ ತೊಡೆ ತಟ್ಟಿ, "ನೋಡಿದ್ರೇನು! ಅಲ್ಲಿ ಹೊಗಿಗೆ ಕೆಂಪಾಗಿದ್ದ ಕಣ್ಣು ಇಲ್ಲಿ ಬಂದು ತಂಪಾಗ್ಯಾವ!" ಎಂದುಬಿಟ್ಟರು. ದೊಡ್ಡವರು ಅಂದಮೇಲೆ ಮುಗಿಯಿತು. ಡಾಕ್ಟರರು ತೆರೆದ ಬಾಯಿ ಮುಚ್ಚಿಕೊಂಡರು.

ಔಷಧಿ ಮೂಸಿಸಿ ಇಲಿಗಳನ್ನು ಮಲಗಿಸಿದ್ದಾಯಿತು. ಪ್ರಾಣೇಶ ಗೋಡೆಗೆ ಮುಖ ಮಾಡಿ ವಿಷ್ಣುಸಹಸ್ರನಾಮ ಹೇಳತೊಡಗಿದ. ಬೆನ್ನ ಹಿಂದೆ ಕತ್ತರಿಯ ಸದ್ದು. ಕೆಂಪು ದಾರದ ಇಲಿಯ ಹೊಟ್ಟೆಯನ್ನು ಭೂತಗಾಜಿನಲ್ಲಿ ನೋಡಿ ಪ್ರೊಫೆಸರ್, "ವಾಹ್! ಹುಣ್ಣಿನ ಕಲಿನೂ ಇಲ್ಲ. ಹುಣ್ಣಿತ್ತು ಅಂತ ಹೇಳಾಕೂ ಬರಂಗಿಲ್ಲ" ಎಂದರು. ಡಾಕ್ಟರರ ಮುಖ ಹುಣ್ಣಿಮೆಯಾಯಿತು. ಪ್ರಾಣೇಶನೂ ಗೋಡೆಯಿಂದ ಅರ್ಧ ತಿರುಗಿದ. ಸೇಡಮ್ಮಿನ ಗಾಡಿ ನಾಳೆ ಎಷ್ಟು ಹೊತ್ತಿಗಿದೆ ಎಂದು ಮನಸ್ಸು ಲೆಕ್ಕ ಹಾಕತೊಡಗಿತು.

"ಇದೇನಿದು, ಹೊಟ್ಯಾಗ ಹಸರು ಎಳಿ?" ಎಂದರು ಪ್ರೊಫೆಸರ್ ಚಿಮುಟದಲ್ಲಿ ಎತ್ತಿ. ನಾಗೇಂದ್ರಪ್ಪನ ಖಣ!

"ಅದು... ಗುರುತಿನ ದಾರ ನುಂಗಿರಬೇಕ್ರಿ" ಎಂದ ಪ್ರಾಣೇಶ.

"ಗುರುತಿನ ದಾರ ಕೆಂಪು, ನೀಲಿ ಅಲ್ಲೇನು?"

"ಬಾಜೂಕಿನ ಇಲಿ ನೀಲಿ ದಾರ ರೀ. ಹೊಟ್ಯಾಗ ಪಿತ್ತ ಹಳದಿ ಇರ್ತದಲ್ರಿ? ಹಳದಿ ನೀಲಿ ಕೂಡಿ ಹಸರಾಗ್ಯದ."

ಪ್ರೊಫೆಸರ್ ಕನ್ನಡಕ ತೆಗೆದು ಅವನನ್ನು ಮೆಚ್ಚುಗೆಯಿಂದ ನೋಡಿದರು. "ಜಾಣ ಇದ್ದೀಯಪಾ."

ಡಾಕ್ಟರರು ಮಾತ್ರ ಬೇರೆಯದನ್ನು ನೋಡುತ್ತಿದ್ದರು. ತೊಳೆಯಲೆಂದು ಇಲಿಯನ್ನು ನೀರಿನ ತಟ್ಟೆಗೆ ಹಾಕಿದ್ದರು. ನೀರು ಹಾಲಾಗಿ, ಇಲಿ ಇದ್ದಿಲಾಗಿತ್ತು. ಅವರು ನಿಧಾನಕ್ಕೆ ತಲೆಯೆತ್ತಿ ಪ್ರಾಣೇಶನ ಸುಣ್ಣ ಹಿಡಿದ ಕಿವಿ ನೋಡಿದರು, ಕಟ್ಟು ಕಟ್ಟಿದ ಹೆಬ್ಬೆರಳು ನೋಡಿದರು. ಆ ನೋಟಕ್ಕೆ ಪ್ರಾಣೇಶನ ಹೊಟ್ಟೆಯ ಕೆಂಡ ಭುಗಿಲೆಂದಿತು. ಆದರೆ ಬಜಾರಿನ ಕಳ್ಳ ಇಲಿಗೆ ಸುಣ್ಣ ಬಳಿದು ತೋರಿಸಿದ್ದೇವೆಂದು ಈಗ ಹೇಳಿದರೆ ಹೈದರಾಬಾದಿನ ತನಕ ನಗೆಪಾಟಲು. ಡಾಕ್ಟರರು ಕಪ್ಪು ಇಲಿಯ ಮೇಲೆ ಹತ್ತಿ ಮುಚ್ಚಿದರು.

ಆಮೇಲೆ ನೀಲಿ ದಾರದವುಗಳ ಸರದಿ. ಅವುಗಳ ಹೊಟ್ಟೆಯೂ ಹುಣಸೆಹಣ್ಣಿನಿಂದ ತಿಕ್ಕಿದ ತಾಮ್ರದ ತಂಬಿಗೆಯಂತೆ ಥಳಥಳ ಹೊಳೆಯಿತು! ವರ್ಷವಿಡೀ ಖಣ, ಜೋಳ, ಬೆಲ್ಲ ತಿಂದು ಯಾರ ಹಂಗೂ ಇಲ್ಲದೆ ಬದುಕಿದ ಇಲಿಗಳಿಗೆ ಹುಣ್ಣು ಎಲ್ಲಿಂದ ಬರಬೇಕು?

ಪ್ರೊಫೆಸರ್ ಕುಣಿಯುವುದೊಂದು ಬಾಕಿ. "ಪುಡಿ ತಿಂದವೂ ಮಾಯ್ದಾವ, ತಿನ್ನದವೂ ಮಾಯ್ದಾವ! ಏನರ್ಥ ಬಸವಂತರಾವ್? ನಿಮ್ಮ ಪುಡಿ ದಂಡ! ನಿಮ್ಮ ಊರೇ ಮದ್ದು! ಚಿತ್ತಾಪುರದ ಹವಾದಾಗ ಹುಣ್ಣು ತಾನಾಗೇ ಮಾಯ್ತದ. ನಾ ಇದನ್ನ ನಾಳಿನೇ ಸರಕಾರಕ್ಕ ಬರೀತೀನಿ."

ಡಾಕ್ಟರರ ಹುಣ್ಣಿಮೆಗೆ ಗ್ರಹಣ ಹಿಡಿಯಿತು.

"ಇನ್ನೊಂದು ಮಾತು" ಎಂದರು ಪ್ರೊಫೆಸರ್ ಕೈ ಒರೆಸಿಕೊಳ್ಳುತ್ತ. "ಈ ಪುಡಿ ಕುಟ್ಟಾಕ ಅಂತ ಒಬ್ಬ ಹಂಗಾಮಿ ಕಂಪೌಂಡರ್‌ನ ಇಟ್ಟೀರಂತಲ್ಲ? ಆ ಜಾಗಾನೇ ತೆಗದುಬಿಡ್ರಿ. ಊರ ಹವಾ ಪುಕ್ಕಟ್ಟೆ ಕೆಲಸ ಮಾಡಾಕತ್ತದ, ಸರಕಾರ ಅವನಿಗ್ಯಾಕ ಪಗಾರ ಕೊಡಬೇಕು? ಅದನ್ನೂ ಬರೀತೀನಿ." ಆಮೇಲೆ ಪ್ರಾಣೇಶನ ಬೆನ್ನು ತಟ್ಟಿ, "ಹಳದಿ ನೀಲಿ ಕೂಡಿ ಹಸರು! ಭಾಳ ಶಾಣ್ಯಾ ಹುಡುಗ. ಇಲ್ಲಿ ಏನ್ ಕೆಲಸಪ್ಪಾ ನಿಂದು?" ಎಂದು ಕೇಳಿದರು.

"ಅದೇ ರೀ" ಎಂದ ಪ್ರಾಣೇಶ. "ಈಗ ತಾವು ತೆಗದ್ರಲ್ರಿ, ಅದು."

ಪ್ರೊಫೆಸರರನ್ನು ಮರುಗಾಡಿಗೆ ಹತ್ತಿಸಿ ಡಾಕ್ಟರರು ಮರಳಿ ಬರುವಾಗ ಹೊಲದಿಂದ ಎತ್ತುಗಳು ಮನೆಗೆ ತಿರುಗಿದ್ದವು. ಪ್ರಾಣೇಶ ದವಾಖಾನೆಯ ಮೆಟ್ಟಿಲ ಕಲ್ಲಿನ ಮೇಲೆ ಎರಡಾಗಿ ಮಡಚಿ ಬಿದ್ದಿದ್ದ. ಡಾಕ್ಟರರು ಅವನ ಹೊಟ್ಟೆ ಒತ್ತಿ ನೋಡಿದರು. ಅವನು ಕಿರುಚಿದ.

"ಮುಂಜಾನಿಂದ ಏನ್ ತಿಂದಿ?"

"ಏನಿಲ್ರಿ."

"ಅಂಜಿದ್ದೇನು?"

"ಭಾಳ ರೀ."

"ಇಕ್ಕಟ್ಟಿನ್ಯಾಗ ಸಿಕ್ಕಿದ್ದಿ?"

"ಇನ್ನೂ ಅಲ್ಲೇ ಅದೀನ್ರಿ."

ಡಾಕ್ಟರರು ಅಂದು ಮೊದಲ ಸಲ ನಕ್ಕರು. "ಹುಣ್ಣು ಆಗ್ಯದ ನಿನಗ. ಭಾಳ ದಿನದ್ದು, ಇವತ್ತ ಹಣ್ಣಾಗ್ಯದ. ಹೈದ್ರಾಬಾದಿಂದ ಇಲಿ ತರಿಸಿ ನಾ ಯಾಕ ದಣದೆ? ನೀ ಮನ್ಯಾಗೇ ಇದ್ದೆಲ್ಲೋ ಮಾರಾಯ!"

"ಸಾಹೇಬ್ರ, ನಿಮ್ಮ ಪಾದ ಹಿಡೀತೀನಿ. ಆ ಜ್ಯೇಷ್ಠಮಧು ಪುಡಿ ಒಂದು ಚಮಚ..."

ಡಾಕ್ಟರರು ಒಳಗೆ ಹೋಗಿ ಕಪಾಟು ತೆರೆದು, ಪುಡಿಯ ಸೀಸೆ ಕೈಗೆತ್ತಿಕೊಂಡು ನೋಡಿ, ಇದ್ದಲ್ಲೇ ಇಟ್ಟು ಬಾಗಿಲು ಮುಚ್ಚಿದರು.

"ಕೊಡ್ತಿದ್ದೆ. ಆದ್ರ ದೊಡ್ಡವ್ರ ಮಾತು ಹ್ಯಾಂಗ ಮೀರಲಿ? ಈ ಊರಾಗ ಪುಡಿ ಇಲ್ದೇನೇ ಮಾಯ್ತದಂತ. ನೀನೇ ಸಾಬೀತು ಮಾಡಿದಿ. ಸುಮ್ನ ಊರಾಗ ಇರು, ಹವಾ ತಗೋ."

"ನೌಕರಿ ಇಲ್ದ ಊರಾಗ ಹ್ಯಾಂಗ ಇರ್ಲ್ರಿ? ಸೇಡಮ್ಮಿಗಿ ಮಾವನ ಮನಿಗೇ ಹೋಗಬೇಕಲ್ರಿ."

"ಸೇಡಮ್ಮಿನ ಹವಾದ್ದು ಪ್ರೊಫೆಸರ್ರು ಏನೂ ಹೇಳಿಲ್ಲ."

ಊರು ಬಿಟ್ಟರೆ ಹುಣ್ಣು ಮಾಯುವಂತಿಲ್ಲ, ಊರಲ್ಲಿದ್ದರೆ ಹೊಟ್ಟೆಗೆ ಹಿಟ್ಟಿಲ್ಲ. ಪ್ರಾಣೇಶ ಕಡೆಯ ದಾಳ ಉರುಳಿಸಿದ. "ಸಾಹೇಬ್ರ, ನನ್ನ ಋಣ ನಿಮ್ಮ ಮ್ಯಾಲ ಅದ ಅಂದಿದ್ರಿ."

"ಅದ, ಇಲ್ಲ ಅನ್ನಂಗಿಲ್ಲ. ಹಂಗೇ ನನ್ನ ಬಿಳಿ ಇಲಿ ಋಣ ನಿನ್ನ ಮ್ಯಾಲ ಅದ. ಎಲ್ಲೇ ಇರ್ಲಿ, ನೀ ಅವನ್ನ ತಂದು ಮುಟ್ಟಸು. ನಾ ಸರಕಾರಕ್ಕ ಬರದು, ಜಗಳಾಡಿ, ನಿನ್ನ ಋಣ ತೀರಸ್ತೀನಿ. ಪುಡಿನೂ ಕೊಡ್ತೀನಿ."

ಪ್ರಾಣೇಶ ಹೊಟ್ಟೆ ಹಿಡಿದುಕೊಂಡೇ ಎದ್ದು ಗುರುಲಿಂಗಮ್ಮನ ಮನೆಗೆ ಬಂದ. ದೇವರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವಳು ಬೆರಳು ತುಟಿಗಿಟ್ಟು, "ಶ್ಶ್! ಸಾವಕಾಶ ಬರ್ರಿ ಆಚಾರ್ರ" ಎಂದಳು. ಪರಾತದ ಮೂಲೆಯಲ್ಲಿ, ಅವಳ ಹಳೇ ಸೀರೆಯ ಚೂರಿನೊಳಗೆ ಒಂದು ಬಿಳಿ ಇಲಿ ಮಲಗಿತ್ತು. ಅದರ ಹೊಟ್ಟೆಗೆ ಅಂಟಿಕೊಂಡು ಕಡಲೆಯಷ್ಟು ಕಡಲೆಯಷ್ಟು ಕೆಂಪು ಮರಿಗಳು.

"ಎಲ್ಲಾ ಇಲಿ ಕೊಡ್ರಿ ಅವ್ವಾರ" ಎಂದ ಅವನು ಉಸಿರು ಹಿಡಿದು. "ನನ್ನ ಸಂಸಾರ ಅದರ ಮ್ಯಾಲ ನಿಂತದ."

"ಬಾಣಂತಿನ ಮನಿಂದ ಹೊರಗ ಹಾಕಂತೀರೇನು? ಇನ್ನ ಬಳಗದವ್ರು ಅಕಿನ್ನ ಬಿಟ್ಟು ಹ್ಯಾಂಗ ಹೋಗಬೇಕು? ಮರಿ ಓಡ್ಯಾಡೋ ತನಕಾ ಯಾರೂ ಕದಲಂಗಿಲ್ಲ."

ಪ್ರಾಣೇಶ ಬಾಗಿಲ ಚೌಕಟ್ಟಿಗೆ ಒರಗಿ, ತಲೆ ಹಿಡಿದುಕೊಂಡು ಅಲ್ಲೇ ಕೂತ. ಗುರುಲಿಂಗಮ್ಮ ಅವನ ಮುಖವನ್ನೊಮ್ಮೆ, ಮಲಗಿದ ಇಲಿಯನ್ನೊಮ್ಮೆ ನೋಡಿದಳು.

"ಏಳ್ರಿ ಆಚಾರ್ರ, ಹೊರಗ ಕಟ್ಟಿಮ್ಯಾಲ ಕುಂತು ಚಿಂತಿ ಮಾಡ್ರಿ" ಎಂದಳು. "ಇಲ್ಲಿ ಮಾಡಿದ್ರ ನಿಮ್ಮನ್ನ ನೋಡಿ ಈ ಬಾಣಂತಿ ಹೊಟ್ಯಾಗ ಮತ್ತ ಹುಣ್ಣಾಗ್ತಾವ."